ಮುಂಗಾಜಿನ ಅಭಿಷೇಕ ಮೀಮಾಂಸೆ

ಕಾರಿನ ಮುಂಗಾಜಿಗೆ ನೀರು ಚಿಮ್ಮಿಸುವ ವ್ಯವಸ್ಥೆಯು ಬಾನೆಟ್ಟಿನೊಳಗಿನ ಪ್ಲಾಸ್ಟಿಕ್ ತೊಟ್ಟಿ, ಅದಕ್ಕೆ ಅಂಟಿಕೊಂಡ ಪುಟ್ಟ ವಿದ್ಯುತ್ ಪಂಪು, ಸಪೂರ ಕೊಳವೆ ಹಾಗೂ ನಾಜಲ್ ಎಂದು ಕರೆಯಲಾಗುವ ಚಿಮ್ಮುರಂಧ್ರ ಎಂಬ ನಾಲ್ಕು ಅಂಗಗಳಿಂದ ಕೂಡಿದ್ದು, ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಎಳೆದೊಡನೆ ಇವೆಲ್ಲವೂ ಒಮ್ಮತದಿಂದ ದುಡಿಯಬೇಕೆಂಬುದು ತಯಾರಕರ ಆಶಯ. ಆದರೆ ತೊಟ್ಟಿಯ ಮುಚ್ಚಳ ತೆರೆಯುವ ಗೋಜಿಗೇ ಹೋಗದ ಮಾಲೀಕರ ಕಾರಿನಲ್ಲಿ ಗುಂಯ್ ಎಂಬ ಸದ್ದು ಮಾತ್ರ ಕೇಳಿಬಂದು, ವೈಪರ್ ಒಣಧೂಳನ್ನೇ ಅತ್ತಿಂದಿತ್ತ ತಳ್ಳಿ ಗಾಜಿಗೆ ಗೀರೆಳೆಯುವುದಲ್ಲದೆ, ಮೂಲೆಯಲ್ಲಿ ತೆಪ್ಪಗಿದ್ದ ಪಾರಿವಾಳದ ಹಿಕ್ಕೆಯನ್ನು ಚಾಲಕನ ಕಣ್ಣಿನ ನೇರಕ್ಕೇ ಅರ್ಧಚಂದ್ರಾಕಾರವಾಗಿ ವಿಸ್ತರಿಸುತ್ತದೆ. ನೀರಿಲ್ಲದೆ ಓಡಿದ ಪಂಪು ಬಿಸಿಯೇರಿ ಕೆಡುವುದು ಇದರ ಉಪಫಲ.

ಬೆಂಗಳೂರಿನ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವಂಥದ್ದಾದ ಕಾರಣ, ನಾಜಲಿನ ಬಾಯಲ್ಲಿ ಬಿಳಿಯ ಪದರ ಕಟ್ಟಿ, ದಿಕ್ಕುತಪ್ಪಿದ ಧಾರೆಯು ಛಾವಣಿಯನ್ನು ದಾಟಿ ಹಿಂದಿನ ಸ್ಕೂಟರ್ ಸವಾರನಿಗೆ ಅಕಾಲ ಪ್ರೋಕ್ಷಣೆ ಮಾಡುವುದುಂಟು. ಮುಂದಿನ ಸಿಗ್ನಲ್ಲಿನಲ್ಲಿ ನಡೆಯುವ ಸಂವಾದವು ಗ್ರಂಥಸ್ಥವಾಗತಕ್ಕದ್ದಲ್ಲ. ಸಣ್ಣ ಸೂಜಿಯಿಂದ ರಂಧ್ರ ಬಿಡಿಸಿ, ಫಿಲ್ಟರ್ ನೀರಿಗೆ ವಾಷರ್ ದ್ರಾವಣ ಬೆರೆಸಿ ತುಂಬುವುದೇ ಇದಕ್ಕೆ ಮದ್ದಾದರೂ, ಮಿತವ್ಯಯಕ್ಕೆಂದು ಪಾತ್ರೆ ತೊಳೆಯುವ ಸೋಪನ್ನು ಧಾರಾಳವಾಗಿ ಸುರಿದವರಿಗೆ ನೊರೆಯ ದರ್ಶನವಾಗುತ್ತದೆಯೇ ಹೊರತು ರಸ್ತೆಯ ದರ್ಶನವಾಗುವುದಿಲ್ಲ. ಅದೇ ಸೋಪುನೀರನ್ನು ಅವಸರದಲ್ಲಿ ಕೂಲಂಟ್ ತೊಟ್ಟಿಗೆ, ಅಂದರೆ ಎಂಜಿನನ್ನು ತಣಿಸುವ ದ್ರವದ ಪಾತ್ರೆಗೆ, ಎರೆದವರು ಗಾಜಿನ ಚಿಂತೆಯನ್ನು ಬಿಟ್ಟು ಎಂಜಿನ್ನಿನ ಚಿಂತೆ ಹಚ್ಚಿಕೊಳ್ಳಬೇಕಾಗುವುದರಿಂದ, ಮೆಕ್ಯಾನಿಕರ ವರಮಾನಕ್ಕೆ ಕೊಂಚ ಕುಂದುಂಟಾದರೂ, ಮುಚ್ಚಳದ ಮೇಲೆ ಗಾಜಿನ ಚಿತ್ರವಿದೆಯೇ ಎಂದು ನೋಡಿಯೇ ನೀರೆರೆಯುವುದು ಲೇಸು.