ಕಡತ ಕ್ಷೇಮ

ಇಂಗ್ಲೆಂಡಿನಲ್ಲಿ ಬೌದ್ಧಿಕ ವಿಕಲಚೇತನರು ಸುರಕ್ಷಿತವಾಗಿದ್ದಾರೆಯೇ ಎಂದು ಯಾರಿಗಾದರೂ ಅನುಮಾನ ಬಂದರೆ ಅಲ್ಲಿಯವರು ಗಾಬರಿಯಾಗುವುದಿಲ್ಲ, ಕಡತ ತೆಗೆದು ಮುಂದಿಡುತ್ತಾರೆ. ಅದರಲ್ಲಿ ಏನಿಲ್ಲ? ಫ್ರಿಜ್ಜಿನ ಉಷ್ಣಾಂಶ ಇದೆ. ಮಾತ್ರೆ ಕೊಟ್ಟಿದ್ದಕ್ಕೆ ಸಹಿ ಇದೆ, ಆ ಸಹಿಯನ್ನು ಕಂಡಿದ್ದಕ್ಕೆ ಇನ್ನೊಂದು ಸಹಿ ಇದೆ. ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕೆಂಬ ನಕ್ಷೆ ಇದೆ. ಮನೆಯಲ್ಲಿರುವ ಮನುಷ್ಯನಿಗೆ ಏನು ಇಷ್ಟ, ಯಾವುದಕ್ಕೆ ಭಯ ಎಂದು ಬರೆದ ಬಣ್ಣದ ಪುಟವೂ ಇದೆ. ಆ ಪುಟ ಬೀಗ ಹಾಕಿದ ಕಪಾಟಿನಲ್ಲಿದೆ. ಗೋಪ್ಯತೆ ಮುಖ್ಯ ನೋಡಿ.

ಕಡತಕ್ಕೆ ಇದುವರೆಗೆ ಯಾರೂ ಹೊಡೆದಿಲ್ಲ. ಹೊಡೆತ ಬಿದ್ದಿದ್ದೆಲ್ಲ ಮನುಷ್ಯರಿಗೆ.

ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಒಬ್ಬೊಬ್ಬರನ್ನು ನೋಡಿಕೊಳ್ಳಲು ವಾರಕ್ಕೆ ಸರಾಸರಿ 3,500 ಪೌಂಡ್ ಸಂದಾಯವಾಗುತ್ತಿತ್ತು. ಆ ಹಣಕ್ಕೆ ಸಿಗುತ್ತಿದ್ದ ಸೇವೆಯನ್ನು ಬಿಬಿಸಿಯ ಪನೋರಮಾ ಕಾರ್ಯಕ್ರಮ 2011ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ತೋರಿಸಿತು: ಉಟ್ಟ ಬಟ್ಟೆಯಲ್ಲೇ ಷವರ್ ಕೆಳಗೆ ತಳ್ಳುವುದು, ಒದ್ದೆ ಮೈಯಲ್ಲಿ ಚಳಿಗೆ ಬಿಡುವುದು, ನೆಲಕ್ಕೆ ಕೆಡವಿ ಕುರ್ಚಿಯಡಿ ಅದುಮುವುದು. ಅಲ್ಲಿದ್ದ ಹಿರಿಯ ನರ್ಸ್ ಒಬ್ಬರು ಅದಕ್ಕೂ ಮೊದಲೇ ಆರೈಕೆ ಸೇವೆಗಳ ತಪಾಸಣೆ ಮಾಡಿ ದರ್ಜೆ ಕೊಡುವ ಕೇರ್ ಕ್ವಾಲಿಟಿ ಕಮಿಷನ್ನಿಗೆ ದೂರು ಕೊಟ್ಟಿದ್ದರು. ದೂರು ಕಡತ ಸೇರಿ ಕ್ಷೇಮವಾಗಿತ್ತು. ಟೀವಿಯಲ್ಲಿ ಬಂದ ಮೇಲೆ ಆಸ್ಪತ್ರೆ ಮುಚ್ಚಿತು, 11 ಮಂದಿಗೆ ಶಿಕ್ಷೆಯಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸದಲ್ಲಿ ಆ ಸರ್ಕಾರವನ್ನು ಮೀರಿಸುವವರಿಲ್ಲ.

ಪಾಠ ಕಲಿತದ್ದಾಯಿತು ಎಂದರು. ಕಲಿತ ಪಾಠದ ಪರೀಕ್ಷೆ ನಡೆದದ್ದು ಕೌಂಟಿ ಡರ್ಹಮ್‌ನ ವೊರ್ಲ್ಟನ್ ಹಾಲ್‌ನಲ್ಲಿ. 17 ಹಾಸಿಗೆಯ ಆ ಆಸ್ಪತ್ರೆಗೆ ಕಮಿಷನ್ 'ಉತ್ತಮ' ದರ್ಜೆ ಕೊಟ್ಟಿತ್ತು. 2019ರಲ್ಲಿ ಮತ್ತೆ ಪನೋರಮಾದ ಗುಪ್ತ ಕ್ಯಾಮೆರಾ ಒಳಹೊಕ್ಕಿತು. ಗಂಡಸರೆಂದರೆ ನಡುಗುವ ಒಬ್ಬಾಕೆಯ ಕೋಣೆಗೆ ಗಂಡಸರನ್ನೇ ನುಗ್ಗಿಸುತ್ತೇವೆಂದು ಸಿಬ್ಬಂದಿ ಹೆದರಿಸುತ್ತಿದ್ದರು. ಆಕೆಗೆ ಯಾವುದಕ್ಕೆ ಭಯ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಣ್ಣದ ಪುಟ ಬರೆಸಿದ ಶ್ರಮ ವ್ಯರ್ಥವಾಗಲಿಲ್ಲ. ಕ್ಯಾಮೆರಾ ಬರುವುದಕ್ಕಿಂತ ಹಿಂದಿನ ವರ್ಷ ಸರ್ಕಾರಿ ಸಂಸ್ಥೆಗಳವರು ಅಲ್ಲಿಗೆ ಕೊಟ್ಟ ಭೇಟಿಗಳು ಕನಿಷ್ಠ 100. ಬಂದರು, ಕೂತರು, ಕಡತ ನೋಡಿದರು, ಹೋದರು. ಇಷ್ಟು ಅತಿಥಿಗಳು ಬಂದುಹೋದ ಮನೆಯಲ್ಲಿ ಯಾರ ಕಣ್ಣಿಗೂ ಏನೂ ಬೀಳಲಿಲ್ಲ ಎಂದರೆ ಮನೆಯವರ ಶಿಷ್ಟಾಚಾರವನ್ನು ಮೆಚ್ಚಲೇಬೇಕು. ಇನ್ನೂ ಮಜಾ ಎಂದರೆ, 2015ರಲ್ಲೇ ಕಮಿಷನ್ನಿನ ಸ್ವಂತ ತನಿಖಾ ತಂಡ ಅಲ್ಲಿಯ ಲೋಪಗಳನ್ನು ಬರೆದುಕೊಟ್ಟಿತ್ತು. ಆ ವರದಿ ಆಗ ಪ್ರಕಟವಾಗಲೇ ಇಲ್ಲ.

ಆಸ್ಪತ್ರೆಗಳಲ್ಲಿ ಜನರನ್ನು ಕೂಡಿಹಾಕುವುದೇ ತಪ್ಪು, ಎಲ್ಲರಂತೆ ಊರೊಳಗೆ ಮನೆ ಕೊಡಿಸೋಣ ಎಂಬ ಜ್ಞಾನೋದಯ 2012ರಲ್ಲೇ ಆಗಿತ್ತು. 2014ರ ಜೂನ್ ಗಡುವು ಇಟ್ಟರು, ದಾಟಿತು. 2019ರ ಮಾರ್ಚ್ ಎಂದರು, ದಾಟಿತು. 2024ರ ಮಾರ್ಚ್ ಎಂದರು, ಅದೂ ದಾಟಿತು. ಗಡುವುಗಳೆಲ್ಲ ಸಲೀಸಾಗಿ ಹೊರಬಂದವು; ಸುಮಾರು 2,000 ಮಂದಿ ಒಳಗೇ ಉಳಿದರು.

ಹೊರಬಂದವರಿಗೆ ಸಿಕ್ಕಿದ್ದು ಸಪೋರ್ಟೆಡ್ ಲಿವಿಂಗ್. ಹೆಸರಿಗೆ ಸ್ವಂತ ಬಾಡಿಗೆ ಮನೆ, ಬೇಕಾದಷ್ಟು ನೆರವು. ಆಸೆ ಒಳ್ಳೆಯದೇ, ಚೆನ್ನಾಗಿ ನಡೆದ ಕಡೆ ಜನ ಅರಳಿದ್ದಾರೆ ಕೂಡ. ಆದರೆ ಕಾನೂನಿನ ಚಮತ್ಕಾರ ನೋಡಿ. ಇಂಥ ಮನೆಗಳಲ್ಲಿ ಕಮಿಷನ್ ಪರಿಶೀಲಿಸುವುದು ವ್ಯಕ್ತಿಯ ಮೈಗೆ ಸಂಬಂಧಿಸಿದ ಆರೈಕೆಯನ್ನು ಮಾತ್ರ. ಮೈ ತೊಳೆಸಿದರೆ ಕಮಿಷನ್ ಲೆಕ್ಕಕ್ಕೆ ಬರುತ್ತದೆ. ಪಾತ್ರೆ ತೊಳೆದು, ಸಂತೆಗೆ ಕರೆದೊಯ್ದು, ದುಡ್ಡಿನ ಲೆಕ್ಕ ನೋಡಿಕೊಂಡರೆ ಬರುವುದಿಲ್ಲ. ಗೋಡೆಗೆ ಬೂಷ್ಟು ಹಿಡಿದಿದೆಯೇ? ಅದು ಮನೆ ಮಾಲೀಕರ ಪಾಡು. ಪಕ್ಕದ ಕೋಣೆಯವನು ರಾತ್ರಿಯೆಲ್ಲ ಬಾಗಿಲು ಗುದ್ದುತ್ತಾನೆಯೇ? ಅವನನ್ನು ಅಲ್ಲಿ ಸೇರಿಸಿದ ಸ್ಥಳೀಯ ಕೌನ್ಸಿಲಿನ ಪಾಡು. ಒಬ್ಬ ಮನುಷ್ಯನನ್ನು ಇಷ್ಟು ಕಚೇರಿಗಳು ಹಂಚಿಕೊಂಡ ಮೇಲೆ ಇಡಿಯಾಗಿ ಅವನು ಯಾರ ಪಾಲಿಗೂ ಉಳಿಯುವುದಿಲ್ಲ.

ಇನ್ನು ತನಿಖೆಯವರ ಯೋಗ್ಯತೆ. 2024ರಲ್ಲಿ ಪೆನ್ನಿ ಡ್ಯಾಶ್ ಎಂಬ ವೈದ್ಯೆ ಸರ್ಕಾರದ ಪರವಾಗಿ ಕಮಿಷನ್ನನ್ನೇ ತಪಾಸಣೆ ಮಾಡಿದರು. ಮರೆವಿನ ಕಾಯಿಲೆಯ ಒಬ್ಬರನ್ನೂ ಕಂಡಿಲ್ಲದ ಇನ್‌ಸ್ಪೆಕ್ಟರು ಕೇರ್ ಹೋಂ ತಪಾಸಣೆಗೆ ಹೋಗಿದ್ದರಂತೆ. ಕಮಿಷನ್ನಿನ ವ್ಯಾಪ್ತಿಯ ಐದರಲ್ಲಿ ಒಂದು ತಾಣಕ್ಕೆ ದರ್ಜೆಯೇ ಸಿಕ್ಕಿರಲಿಲ್ಲ. ದರ್ಜೆ ಸಿಗದವರು ಅದೃಷ್ಟವಂತರೋ ಏನೋ. ಸಿಕ್ಕವರ ಗತಿ ವೊರ್ಲ್ಟನ್‌ನಲ್ಲಿ ಕಂಡೆವಲ್ಲ.

ಸರಿ, ಒಳಗಿದ್ದು ಕೆಲಸ ಮಾಡುವವರಾದರೂ ಬಾಯಿ ಬಿಡಬಹುದಲ್ಲ? 2022ರಿಂದ 2025ರವರೆಗೆ ಈ ಕೆಲಸಕ್ಕೆ ವೀಸಾ ಕೊಟ್ಟು ಹೊರದೇಶದವರನ್ನು ಕರೆಸಿಕೊಂಡರು. ಹಾಗೆ ಹೋದವರಲ್ಲಿ ಭಾರತೀಯರೂ ದೊಡ್ಡ ಸಂಖ್ಯೆಯಲ್ಲಿದ್ದರು, ಸಾಲ ಮಾಡಿ ಹೊರಟವರೂ ಇದ್ದರು. 2024ರ ಮಾರ್ಚ್‌ನಿಂದ ಹೊಸ ನಿಯಮ ಬಂತು: ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬನ್ನಿ, ಇಲ್ಲಿಯವರನ್ನು ಮನೆಯವರಂತೆ ನೋಡಿಕೊಳ್ಳಿ. ವೀಸಾದ ಜುಟ್ಟು ಮಾಲೀಕರ ಕೈಯಲ್ಲಿ. ದೂರು ಕೊಟ್ಟು ಕೆಲಸ ಹೋದರೆ, ಹೊಸ ಮಾಲೀಕ ಸಿಗದಿದ್ದಲ್ಲಿ, ಗಂಟುಮೂಟೆ ಕಟ್ಟಬೇಕು. ಇಷ್ಟಾದ ಮೇಲೂ 'ನಿರ್ಭಯವಾಗಿ ದೂರು ನೀಡಿ' ಎಂದು ಗೋಡೆಗೆ ಪೋಸ್ಟರ್ ಅಂಟಿಸುವವರ ಹಾಸ್ಯಪ್ರಜ್ಞೆಗೆ ನಮಸ್ಕಾರ.

ಒಂದು ಸಾವಿನ ಮುಂದೆ ಮಾತ್ರ ಈ ಹಾಸ್ಯ ನಡೆಯುವುದಿಲ್ಲ. 2013ರಲ್ಲಿ ಆಕ್ಸ್‌ಫರ್ಡಿನ ಬೌದ್ಧಿಕ ವಿಕಲಚೇತನರ ಸರ್ಕಾರಿ ಘಟಕವೊಂದರಲ್ಲಿ 18 ವರ್ಷದ ಹುಡುಗ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತ. ಅವನಿಗೆ ಮೂರ್ಛೆರೋಗವಿತ್ತು. ಅವನಿಗೆ ಫಿಟ್ಸ್ ಬರುತ್ತಿದೆ ಎಂದು ತಾಯಿ ಮೊದಲೇ ಎಚ್ಚರಿಸಿದ್ದರು. ಘಟಕದವರು 15 ನಿಮಿಷಕ್ಕೊಮ್ಮೆ ಇಣುಕಿದರೆ ಸಾಕು ಎಂದುಕೊಂಡಿದ್ದರು. ನೀರಿನಲ್ಲಿ ಮುಳುಗಲು ಅಷ್ಟು ಹೊತ್ತು ಬೇಡ.

ಆ ತಾಯಿಗೆ ಕಂಡದ್ದು ಸಂಬಳ ತೆಗೆದುಕೊಳ್ಳುವವರಿಗೆ ಕಾಣಲಿಲ್ಲ. ಆದ್ದರಿಂದ ತಪಾಸಣೆಯ ನಮೂನೆಗೆ ಒಂದೇ ಒಂದು ಪ್ರಶ್ನೆ ಸೇರಿಸಬಹುದು: ಕಳೆದ ತಿಂಗಳು ಸಂಬಳಕ್ಕಲ್ಲದೆ, ಹೇಳದೆ ಕೇಳದೆ, ಇವರನ್ನು ನೋಡಬೇಕು ಅನ್ನಿಸಿ ಈ ಮನೆಗೆ ಬಂದವರು ಯಾರು? ಯಾರೂ ಇಲ್ಲ ಎಂಬ ಉತ್ತರ ಬಂದ ಮನೆಗೆ ಎಷ್ಟೇ ಸಹಿ ಬಿದ್ದಿದ್ದರೂ ಸುರಕ್ಷಿತ ಎಂಬ ದರ್ಜೆ ಕೊಡಬಾರದು. ಆದರೆ ಈ ಸಲಹೆಯನ್ನು ಅವರು ಒಪ್ಪಿಬಿಟ್ಟರೆ ಎಂಬ ಹೆದರಿಕೆಯೂ ಇದೆ. ಮರುದಿನವೇ 'ಅನಿರೀಕ್ಷಿತ ನೆಂಟ, ಗ್ರೇಡ್ ಎರಡು' ಎಂಬ ಹುದ್ದೆ ಸೃಷ್ಟಿಸಿ, ತಿಂಗಳಿಗಿಷ್ಟು ಎಂದು ಸಂಬಳ ಗೊತ್ತುಮಾಡಿ, ಬಂದುಹೋದದ್ದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ.