ತ್ವರಿತ ತೀರ್ಪು ಸಾರ್ವಭೌಮರಿಗೆ ಬಿನ್ನವತ್ತಳೆ

ಶ್ರೀಮದ್ರಾಜಾಧಿರಾಜ ಬ್ರೇಕಿಂಗ್ ನ್ಯೂಸ್ ಪ್ರಭುಗಳೇ, ರಾತ್ರಿ ಒಂಬತ್ತರ ಸೆಷನ್ಸ್ ನ್ಯಾಯಾಧೀಶರೇ, ಕೆಂಪು ವೃತ್ತ ಚಕ್ರವರ್ತಿಗಳೇ, 'ಮೂಲಗಳ ಪ್ರಕಾರ' ಪೀಠಾಧಿಪತಿಗಳೇ, ವೇದಿಕೆ ಮೇಲಿನ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಿಗದೆ ಮುನಿಸಿಕೊಂಡ ಗಣ್ಯರೇ, ಮೈಸೂರು ಪೇಟ ಬಾಡಿಗೆಗೆ ಕೊಟ್ಟ ಅಂಗಡಿಯವರೇ,

ಆರೋಪಪಟ್ಟಿ, ಸಾಕ್ಷಿ, ಪಾಟೀಸವಾಲು ಎಂದು ಕೋರ್ಟುಗಳು ವರ್ಷಗಟ್ಟಲೆ ಏಗುವ ಕೆಲಸವನ್ನು ಎರಡು ಜಾಹೀರಾತುಗಳ ನಡುವೆ ಮುಗಿಸುವ ಮಹಾನುಭಾವರು ತಾವು. ಶಂಕಿತ ಜೀಪಿನಿಂದ ಇಳಿಯುವಷ್ಟರಲ್ಲಿ ಅವನ ಹೆಸರು, ಊರು, ಫೋಟೊ, ಮನೆ ಮುಂದೆ ಅಳುವ ತಾಯಿ ಎಲ್ಲ ಪರದೆಯ ಮೇಲೆ. 'ಎನ್ನಲಾಗಿದೆ' ಎಂಬ ಪದವೂ ಮೂಲೆಯಲ್ಲೆಲ್ಲೋ ಇರುತ್ತದೆ, ಮಾನನಷ್ಟ ಮೊಕದ್ದಮೆಗೆ ತಾಯಿತದಂತೆ.

ಹೊಗಳಿಕೆಯ ನಡುವೆ ಒಂದು ಮಾತು ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಓದಿದ ಡಾಕ್ಟರ್ ಮೊಹಮ್ಮದ್ ಹನೀಫ್ ನೆನಪಿದ್ದಾರೆಯೇ? 2007ರ ಜುಲೈ 2ರಂದು ಆಸ್ಟ್ರೇಲಿಯಾ ಪೊಲೀಸರು ಭಯೋತ್ಪಾದನೆಯ ಶಂಕೆಯ ಮೇಲೆ ಅವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದು, ಆರೋಪವನ್ನೇ ಹೊರಿಸದೆ 12 ದಿನ ಕೂಡಿಹಾಕಿದರು. ಸಂಬಂಧಿಕನಿಗೆ ಅವರು ಬಿಟ್ಟುಬಂದ ಸಿಮ್ ಕಾರ್ಡು ಗ್ಲಾಸ್ಗೋ ವಿಮಾನ ನಿಲ್ದಾಣದ ದಾಳಿಯಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತೆಂದು ಸರ್ಕಾರದ ಕಡೆಯವರು ಕೋರ್ಟಿನಲ್ಲೇ ಹೇಳಿದರು. ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ! ಅದನ್ನು ಹೊರಗೆಳೆದದ್ದು ಆಸ್ಟ್ರೇಲಿಯಾದ ಎಬಿಸಿ ವಾಹಿನಿಯ ವರದಿಗಾರರು. ಜುಲೈ 27ಕ್ಕೆ ಪ್ರಕರಣ ಬಿದ್ದುಹೋಯಿತು. 2010ರಲ್ಲಿ ಆಸ್ಟ್ರೇಲಿಯಾ ಪರಿಹಾರ ಕೊಟ್ಟಿತು. ಪೊಲೀಸರ ಮಾತನ್ನು ಗಿಣಿಪಾಠ ಒಪ್ಪಿಸದೆ ಕೆದಕಿ ನೋಡಿದ ಪತ್ರಕರ್ತ ಹೆಡ್ಲಿ ಥಾಮಸ್‌ಗೆ ಆಸ್ಟ್ರೇಲಿಯಾದ ಪತ್ರಿಕೋದ್ಯಮ ಪ್ರಶಸ್ತಿಯಾದ ಗೋಲ್ಡ್ ವಾಕ್ಲಿ 2007ರಲ್ಲೇ ಬಂತು. ಪ್ರಶಸ್ತಿ ಅಂದರೆ ಅದು ಸ್ವಾಮಿ. ನಾವು ಇಲ್ಲಿ ತೊಡಿಸುತ್ತಿರುವುದು ಬಾಡಿಗೆ ಪೇಟ.

ಮತ್ತೆ ಹೊಗಳಿಕೆಗೆ ಬರೋಣ. ಬಿರುದು ದಯಪಾಲಿಸುವುದರಲ್ಲಿ ತಾವು ಕರ್ಣರು. 2012ರ ಆಗಸ್ಟಿನಲ್ಲಿ ಬೆಂಗಳೂರಿನ ಯುವ ವರದಿಗಾರನೊಬ್ಬ, ನಿಮ್ಮ ವೃತ್ತಿಯವನೇ, ಭಯೋತ್ಪಾದನೆಯ ಆರೋಪದಲ್ಲಿ ಬಂಧಿತನಾದಾಗ 'ಮಾಸ್ಟರ್‌ಮೈಂಡ್' ಬಿರುದು ಧಾರಾಳವಾಗಿ ಹರಿಯಿತು. ಸುಮಾರು ಆರು ತಿಂಗಳು ಜೈಲು. ಎನ್‌ಐಎ ಆರೋಪಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. 2013ರ ಫೆಬ್ರವರಿಯಲ್ಲಿ ಹೊರಬಂದ. ಕೊಟ್ಟ ಬಿರುದನ್ನು ವಾಪಸ್ ಪಡೆದವರು ಯಾರಾದರೂ ಇದ್ದರೆ ಕೈ ಎತ್ತಿ. ಎತ್ತಿ ಸ್ವಾಮಿ! ಆ ಹುಡುಗನಿಗೆ ಬಾಡಿಗೆ ಮನೆ ಕೊಡುವವರು, ಕೆಲಸ ಕೊಡುವವರು ಆರೋಪಪಟ್ಟಿ ಓದುತ್ತಾರಾ? ನಿಮ್ಮನ್ನು ನೋಡುತ್ತಾರೆ!

ಕ್ಷಮಿಸಿ, ಬಿನ್ನವತ್ತಳೆಯಲ್ಲಿ ಕಿರುಚಬಾರದು. ಮೂಲಗಳ ಪ್ರಕಾರ ನಾನೀಗ ಶಾಂತನಾಗಿದ್ದೇನೆ.

ಈ ಗೌರವದಲ್ಲಿ ಪೊಲೀಸರಿಗೂ ಪಾಲಿದೆ. ಮುಸುಕು ಹಾಕಿದ ಶಂಕಿತರನ್ನು ಕ್ಯಾಮೆರಾ ಮುಂದೆ ಸಾಲಾಗಿ ನಿಲ್ಲಿಸುವವರು ಅವರೇ ತಾನೆ? ಪೊಲೀಸರು ಮಾಧ್ಯಮಕ್ಕೆ ಏನು, ಎಷ್ಟು ಹೇಳಬೇಕೆಂಬುದಕ್ಕೆ ಮಾರ್ಗಸೂಚಿ ಮಾಡಿ ಎಂದು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಸಚಿವಾಲಯಕ್ಕೆ ಮೂರು ತಿಂಗಳ ಗಡುವು ಕೊಟ್ಟಿತ್ತು. ಮೂರು ತಿಂಗಳೆಂದರೆ ನಿಮ್ಮ ಲೆಕ್ಕದಲ್ಲಿ ಎಷ್ಟು ಮರಣದಂಡನೆ?

ಶಾಲು ಹೊದಿಸುವ ಮುನ್ನ ಒಂದೇ ಷರತ್ತು. ನೀವು ಹೆಸರಿಸಿದವನು ನಿರ್ದೋಷಿ ಎಂದು ತೀರ್ಪಾದ ದಿನ ಅದೇ ಒಂಬತ್ತು ಗಂಟೆಗೆ ಅದೇ ಫೋಟೊ, ಅದೇ ಗಾತ್ರದ ಅಕ್ಷರ, ಅದೇ ಡಮಡಮ ಸಂಗೀತ, ಅಷ್ಟೇ ದಿನ. ಇದಕ್ಕೆ ಸಹಿ ಹಾಕಿ. ಅಲ್ಲಿಯವರೆಗೆ ಹಣ್ಣಿನ ಬುಟ್ಟಿಗೆ ಯಾರೂ ಕೈ ಹಾಕುವಂತಿಲ್ಲ.