ಎಲ್ಲೆಲ್ಲಿ ಪ್ರೇತವೋ ಅಲ್ಲಲ್ಲಿ ಬಡಗಿ: ಅಡ್ಯಾರಿನ ಕಪಾಟಿನ ಮೇಲೊಂದು ಪ್ರೌಢ ಪ್ರಬಂಧ

ದೆವ್ವ ಇದೆಯೇ, ಮೈಮೇಲೆ ಬರಿಸಿಕೊಂಡು ಅದರ ಮಾತನ್ನು ನಮಗೆ ದಾಟಿಸುವವರನ್ನು ನಂಬಬಹುದೇ ಎಂಬ ಪ್ರಶ್ನೆಯನ್ನು ಮಂತ್ರವಾದಿಗಳು, ಮನೋವೈದ್ಯರು, ಸಿನಿಮಾ ನಿರ್ದೇಶಕರು, ಅಜ್ಜಿಯರು ಎಲ್ಲರೂ ಚರ್ಚಿಸಿ ಮುಗಿಸಿದ್ದಾರೆ. ಬಡಗಿಗಳನ್ನು ಮಾತ್ರ ಯಾರೂ ಕೇಳಿಲ್ಲ. ಈ ಘೋರ ಲೋಪವನ್ನು ತುಂಬುವುದೇ ಪ್ರಸ್ತುತ ಸಂಶೋಧಕನ ಉದ್ದೇಶ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಬೇಕು ಎನ್ನುತ್ತದೆ ತರ್ಕಶಾಸ್ತ್ರ. ಪ್ರೇತ ಕಂಡಲ್ಲಿ ಬಡಗಿಯನ್ನು ಊಹಿಸಬೇಕು ಎಂಬುದು ಇಲ್ಲಿಯ ಪ್ರತಿಜ್ಞೆ. ಹೇತು: ಕಪಾಟು. ದೃಷ್ಟಾಂತಕ್ಕೆ ಶಾಸ್ತ್ರಿಗಳು ಅಡುಗೆಮನೆಯನ್ನು ತೋರಿಸುತ್ತಿದ್ದರು. ಸಂಶೋಧಕನು ಚೆನ್ನೈನ ಅಡ್ಯಾರನ್ನು ತೋರಿಸುತ್ತಾನೆ.

ಮೊದಲು ಪರಿಭಾಷೆ. ಕನ್ನಡದಲ್ಲಿ ದೆವ್ವ, ಪ್ರೇತ, ಪಿಶಾಚಿ, ಮೋಹಿನಿ, ಬ್ರಹ್ಮರಾಕ್ಷಸ ಎಂದು ಜಾತಿವಾರು ವಿಂಗಡಣೆಯೇ ಇದೆ. ತುಳುನಾಡಿನ ಭೂತ ಕೈಮುಗಿಯಬೇಕಾದ ದೈವವಾದ್ದರಿಂದ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ (ಬರಕೂಡದು ಎಂದು ಸಂಶೋಧಕನ ಪುತ್ತೂರಿನ ಅತ್ತೆಯವರ ಅಪ್ಪಣೆ). ತಮಿಳಿನಲ್ಲಿ ಪೇಯ್, ಪಿಸಾಸು, ಆವಿ. ಕೊನೆಯ ಪದ ಕನ್ನಡಿಗನನ್ನು ಕೆಡವುವಂಥದ್ದು. ನಮ್ಮಲ್ಲಿ ಆವಿ ಎಂದರೆ ಇಡ್ಲಿ ಪಾತ್ರೆಯಿಂದ ಏಳುವುದು ಮಾತ್ರ. ಅವರಲ್ಲಿ ಅದೂ ಹೌದು, ಸತ್ತ ತಾತನೂ ಹೌದು. ಹೊಸದಾಗಿ ಚೆನ್ನೈಗೆ ಬಂದವನಿಗೆ ಪಕ್ಕದ ಮನೆಯವರು ‘ಆವಿ’ಯೊಡನೆ ಮಾತಾಡುತ್ತಾರೆಂದು ಕೇಳಿದರೆ ಗಾಬರಿಗಿಂತ ಮೊದಲು ಹಸಿವಾಗುವುದು ಸಹಜ. ಇನ್ನು ಮೈಲಾಪುರದಲ್ಲಿ ಹುಟ್ಟಿದ ಆಳ್ವಾರರ ಹೆಸರೇ ಪೇಯಾಳ್ವಾರ್. ಭಕ್ತಿಯ ಹುಚ್ಚಿನಲ್ಲಿ ದೆವ್ವ ಹೊಕ್ಕವರಂತೆ ಕಂಡರಂತೆ. ದೆವ್ವದ ಹೆಸರಿಗೆ ದಿನಾ ಮಂಗಳಾರತಿ ಆಗುವ ಊರಿದು.

ಪ್ರತ್ಯಕ್ಷ ಪ್ರಮಾಣಕ್ಕಾಗಿ ಸಂಶೋಧಕನು ಒಂದು ಸಂಜೆ, ಅಡ್ಯಾರು ನದಿ ಸಮುದ್ರ ಸೇರುವಲ್ಲಿರುವ ಮುರುಕು ಸೇತುವೆಗೆ ಹೋದ. 1967ರಲ್ಲಿ ಕಟ್ಟಿ, 1977ರಲ್ಲಿ ನೀರಿನ ರಭಸಕ್ಕೆ ಮುರಿದು, ಆಮೇಲೆ ಯಾರೂ ಜೋಡಿಸದೆ ಬಿಟ್ಟ ಸೇತುವೆ. ಕತ್ತಲಾದರೆ ಇಲ್ಲಿ ದೆವ್ವ ಓಡಾಡುತ್ತದೆಂದು ಊರೆಲ್ಲ ಹೇಳುತ್ತದೆ. ಮುರಿದ ತುದಿಯಲ್ಲಿ ತುಕ್ಕು ಹಿಡಿದ ಕಂಬಿಗಳು ಆಚೆ ದಡದ ಕಡೆ ಚಾಚಿಕೊಂಡಿದ್ದವು. ಕೆಳಗೆ ಕೆಸರು, ಮೂಗಿಗೆ ಒಣಮೀನು. ಮೂವರು ಹುಡುಗರು ಮೊಬೈಲಿನಲ್ಲಿ ರೀಲ್ಸ್ ಮಾಡುತ್ತಿದ್ದರು. ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರನ್ನು ಸಂಶೋಧಕನು ತನ್ನ ಹರಕು ತಮಿಳಿನಲ್ಲಿ ವಿಚಾರಿಸಿದ. ಅವರು ತಲೆಯೆತ್ತದೆ, “ಪೇಯೆಲ್ಲಾಂ ಇಲ್ಲೆ ಸಾರ್, ಪೊಲೀಸ್‌ದಾನ್ ವರುವಾಂಗ” ಅಂದರು. ದೆವ್ವಗಿವ್ವ ಇಲ್ಲ, ಬಂದರೆ ಪೊಲೀಸರೇ ಬರುವುದು. ಸೇತುವೆ ಸಿಮೆಂಟಿನದು, ಮರದ ಕೆಲಸವಿಲ್ಲ. ಆದ್ದರಿಂದ ಪ್ರೇತವೂ ಇಲ್ಲ. ಸಿದ್ಧಾಂತಕ್ಕೆ ಮೊದಲ ಅಂಕ.

ಆಳ್ವಾರ್‌ಪೇಟೆಯ ಡಿಮಾಂಟಿ ಕಾಲೊನಿಗೆ ಹೆಚ್ಚು ಹೊತ್ತು ಬೇಕಿಲ್ಲ. ಪೋರ್ಚುಗೀಸ್ ವ್ಯಾಪಾರಿಯೊಬ್ಬನ ಹೆಸರಿನ ಆ ಬೀದಿಯ ದೆವ್ವ ಊರ ಗಡಿ ದಾಟಿದ್ದು 2015ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲೆ. ಸಿನಿಮಾ ಎಂದ ಮೇಲೆ ಸೆಟ್ಟು, ಸೆಟ್ಟು ಎಂದ ಮೇಲೆ ಬಡಗಿ.

ಪ್ರಬಂಧದ ಜೀವಾಳ ಮುರುಕು ಸೇತುವೆಯ ನೆರೆಯಲ್ಲೇ, ಥಿಯಸಾಫಿಕಲ್ ಸೊಸೈಟಿಯ ತೋಪಿನಲ್ಲಿದೆ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಮುಂಬಯಿ ಮಾರ್ಗವಾಗಿ ಬಂದ ಈ ಸಂಸ್ಥೆ 1882ರಲ್ಲಿ ಇಲ್ಲಿಯ ಹಡಲ್‌ಸ್ಟನ್ ಗಾರ್ಡನ್ಸ್ ಎಂಬ ಬಂಗಲೆಯಲ್ಲಿ ನೆಲೆಯೂರಿತು. ಅಮೆರಿಕದ ಕರ್ನಲ್ ಆಲ್ಕಾಟ್ ಅಧ್ಯಕ್ಷರು, ರಷ್ಯಾ ಮೂಲದ ಮದಾಂ ಬ್ಲಾವಟ್ಸ್ಕಿ ಅದರ ಪ್ರಾಣ. ಮಹಡಿಯ ಮೇಲೆ ಮದಾಮರ ಮಲಗುವ ಕೋಣೆ, ಪಕ್ಕದಲ್ಲಿ ಗೂಢವಿದ್ಯೆಯ ಕೋಣೆ. ಆ ಕೋಣೆಯ ಗೋಡೆಗೆ ಒಂದು ಮರದ ಕಪಾಟು ತೂಗುಹಾಕಿತ್ತು. ಒಳಗೆ ಕೂಟ್ ಹೂಮಿ, ಮೊರ್ಯ ಎಂಬ ಇಬ್ಬರು ಮಹಾತ್ಮರ ಪಟಗಳು. ಚೀಟಿ ಬರೆದಿಟ್ಟು ಬಾಗಿಲು ಹಾಕಿದರೆ ಕೊಂಚ ಹೊತ್ತಿನಲ್ಲಿ ಹಿಮಾಲಯದಿಂದ ಉತ್ತರ ಬಂದಿರುತ್ತಿತ್ತು. ಅಂಚೆಚೀಟಿಯ ಖರ್ಚಿಲ್ಲ, ಪೋಸ್ಟ್‌ಮ್ಯಾನ್‌ಗೆ ದೀಪಾವಳಿ ಇನಾಮಿಲ್ಲ. ನ್ಯಾಯವಾಗಿ ಒಂದು ಮಾತು ಹೇಳಬೇಕು: ಈ ಮಹಾತ್ಮರು ಸತ್ತವರಲ್ಲ, ಟಿಬೆಟ್ಟಿನ ಕಡೆ ಬದುಕಿರುವ ಸಿದ್ಧಪುರುಷರು ಎಂದೇ ಮದಾಂ ಹೇಳುತ್ತಿದ್ದುದು. ಹಾಗಾಗಿ ಇವರನ್ನು ‘ಸಜೀವ ಪ್ರೇತ’ ಎಂಬ ಹೊಸ ವರ್ಗದಲ್ಲಿ ಇಡಬೇಕಾಗಿದೆ. ವಿದ್ವಾಂಸರು ಕ್ಷಮಿಸಬೇಕು.

ಇಲ್ಲಿಂದ ಪಿಂಗಾಣಿ ಪ್ರಕರಣ. 1883ರ ಆಗಸ್ಟ್. ಮದಾಂ ಊಟಿಯಲ್ಲಿದ್ದರು. ಊಟಿಯ ನಿವಾಸಿ ಜನರಲ್ ಮಾರ್ಗನ್ ಸಾಹೇಬರು ಅಡ್ಯಾರಿಗೆ ಬಂದು ಕಪಾಟು ನೋಡಬೇಕೆಂದರು. ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಎಮ್ಮಾ ಕೊಲೊಂಬ್ ಬಾಗಿಲು ತೆರೆದದ್ದೇ ತಡ, ಬಾಗಿಲಿಗೆ ಒರಗಿದ್ದ ಪಿಂಗಾಣಿ ತಟ್ಟೆ ಗಾರೆ ನೆಲಕ್ಕೆ ಬಿದ್ದು ಚೂರಾಯಿತು. ಚೂರುಗಳನ್ನು ಆಯ್ದು ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟು ಬಾಗಿಲು ಹಾಕಿದರು. ಕೆಲವು ನಿಮಿಷ ಬಿಟ್ಟು ತೆರೆದರೆ ತಟ್ಟೆ ಇಡಿಯಾಗಿದೆ, ಜೊತೆಗೆ ಮಹಾತ್ಮರ ಒಂದು ಚೀಟಿ! ಸೈನ್ಯ ನಡೆಸಿದ ಜನರಲ್ ಒಂದು ತಟ್ಟೆಗೆ ಶರಣಾದರು. ಮೂರು ವರ್ಷ ಮೊದಲು ಶಿಮ್ಲಾದ ಪಿಕ್ನಿಕ್ಕಿನಲ್ಲಿ ಒಬ್ಬರಿಗೆ ಕಪ್ಪು ಸಾಲದೆ ಬಂದಾಗಲೂ ಮದಾಂ ತೋರಿಸಿದಲ್ಲಿ ನೆಲ ಅಗೆದರೆ ಅದೇ ಸೆಟ್ಟಿನ ಕಪ್ಪುಸಾಸರು ಸಿಕ್ಕಿತ್ತು. ಮಹಾತ್ಮರಿಗೆ ಮೋಕ್ಷದಷ್ಟೇ ಪಾತ್ರೆಪಡಗದಲ್ಲೂ ಆಸ್ಥೆಯಿತ್ತೆಂದು ಇದರಿಂದ ಸಿದ್ಧ.

ಈಗ ಬಡಗಿಯ ಪ್ರವೇಶ. ಎಮ್ಮಾಳ ಗಂಡ ಅಲೆಕ್ಸಿಸ್ ಕೊಲೊಂಬ್ ಬಂಗಲೆಯ ಮರಗೆಲಸ, ರಿಪೇರಿ ನೋಡಿಕೊಳ್ಳುತ್ತಿದ್ದವನು. ಎಮ್ಮಾಗೂ ಮದಾಮರಿಗೂ ಕೈರೋದಲ್ಲಿ 1870ರ ದಶಕದ ಆರಂಭದಿಂದಲೇ ಪರಿಚಯ. 1884ರ ಫೆಬ್ರವರಿಯಲ್ಲಿ ಮದಾಂ, ಕರ್ನಲ್ ಯುರೋಪಿಗೆ ಹೊರಟರು. ಮೇ ತಿಂಗಳಲ್ಲಿ ಉಳಿದವರು ಗಂಡಹೆಂಡಿರಿಬ್ಬರನ್ನೂ ಮನೆಯಿಂದ ಹೊರಹಾಕಿದರು. ಬಡಗಿಯ ಹೆಂಡತಿಯನ್ನು ಬೀದಿಗೆ ತಳ್ಳಬಾರದು ಎಂಬ ವ್ಯವಹಾರಜ್ಞಾನ ಹಿಮಾಲಯದಿಂದ ಸಕಾಲಕ್ಕೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆ ಎಮ್ಮಾ ಕೊಟ್ಟ ಕಾಗದಗಳನ್ನು ಅಚ್ಚುಹಾಕಿತು: ಯಾವಾಗ ಯಾವ ಪವಾಡ ಮಾಡಬೇಕೆಂದು ಮದಾಂ ಬರೆದರೆನ್ನಲಾದ ಸೂಚನೆಗಳು. ಎಲ್ಲ ಕೂಟಸೃಷ್ಟಿ ಎಂದರು ಮದಾಂ. ಮಲಗುವ ಕೋಣೆಯ ಕಡೆ ಜಾರುಹಲಗೆಗಳೂ ಗೋಡೆಯಲ್ಲೊಂದು ತೂತೂ ಇದ್ದದ್ದನ್ನು ಮಾತ್ರ ಎರಡೂ ಪಕ್ಷ ಒಪ್ಪಿತು. ಅವು ಪವಾಡಕ್ಕೆಂದೇ ಮಾಡಿದ್ದು ಎಂದು ಕೊಲೊಂಬರು; ಮದಾಂ ಇಲ್ಲದಾಗ ಅವರ ಹೆಸರು ಕೆಡಿಸಲು ಕೊಲೊಂಬನೇ ಕೊರೆದದ್ದು ಎಂದು ಶಿಷ್ಯರು. ಸಂಶೋಧಕನಿಗೆ ಈ ಜಗಳದಲ್ಲಿ ಪಕ್ಷವಿಲ್ಲ. ಎರಡೂ ವಾದದಲ್ಲಿ ಬಡಗಿ ಇದ್ದಾನೆ, ಅಷ್ಟು ಸಾಕು.

ಶಬ್ದಪ್ರಮಾಣಕ್ಕೂ ಒಂದು ತೊಡಕು ಬಂದಿತ್ತು. 1883ರಲ್ಲಿ ಹೆನ್ರಿ ಕಿಡಲ್ ಎಂಬ ಅಮೆರಿಕನ್ ಉಪನ್ಯಾಸಕ, ಕೂಟ್ ಹೂಮಿಯ ಪತ್ರವೊಂದರಲ್ಲಿ ತನ್ನ ಭಾಷಣದ ಸಾಲುಗಳೇ ಇವೆಯಲ್ಲ ಎಂದು ತಕರಾರು ತೆಗೆದ. ಮಹಾತ್ಮರಿಂದ ಸಮಜಾಯಿಷಿ ಬಂತು: ನಲವತ್ತೆಂಟು ಗಂಟೆ ಕುದುರೆ ಸವಾರಿ ಮಾಡಿ ದಣಿದು, ಅರೆನಿದ್ದೆಯಲ್ಲಿ ಹೇಳಿ ಬರೆಸಿದ್ದು, ಉದ್ಧರಣದ ಸಾಲುಗಳು ಇಳಿಸುವಾಗ ಕಲಸಿಹೋದವು. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ವಿದ್ಯಾರ್ಥಿಗಳು ಇನ್ನೂ ಈ ಕುದುರೆಯನ್ನು ಬಳಸಿಕೊಂಡಿಲ್ಲ ಎಂಬುದೇ ಆಶ್ಚರ್ಯ.

1884ರ ಕೊನೆಯಲ್ಲಿ ಲಂಡನ್ನಿನ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್, 29 ವರ್ಷ ವಯಸ್ಸಿನ ರಿಚರ್ಡ್ ಹಾಜ್ಸನ್‌ನನ್ನು ಅಡ್ಯಾರಿಗೆ ಕಳಿಸಿತು. ಆತ ಕಪಾಟು ಎಲ್ಲಿ ಎಂದ. ಕಪಾಟು ಇರಲಿಲ್ಲ. ಶಿಷ್ಯರೇ ಅದನ್ನು ಇಳಿಸಿ ಸುಟ್ಟುಬಿಟ್ಟಿದ್ದರು. ಇಲ್ಲದಿರುವುದೂ ಒಂದು ಪ್ರಮಾಣ, ಅದಕ್ಕೆ ಅನುಪಲಬ್ಧಿ ಎನ್ನುತ್ತಾರೆ ಮೀಮಾಂಸಕರು. ಆ ಶಾಸ್ತ್ರಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ಸಿಗಲಾರದು. ಪಿಂಗಾಣಿಯ ಜಾಡು ಹಿಡಿದು ಹೊರಟ ಹಾಜ್ಸನ್‌ಗೆ, ಎಮ್ಮಾ ಮದರಾಸಿನ ಅಂಗಡಿಯಲ್ಲಿ ಅಂಥ ತಟ್ಟೆಗಳನ್ನು ಜೋಡಿಯಾಗಿ ಕೊಂಡದ್ದು ಗೊತ್ತಾಯಿತು. ಒಂದು ಒಡೆಯಲಿಕ್ಕೆ, ಒಂದು ಕೂಡಲಿಕ್ಕೆ. 1885ರಲ್ಲಿ ಬಂದ ಸುಮಾರು ಇನ್ನೂರು ಪುಟದ ವರದಿ ಮದಾಮರನ್ನು ಇತಿಹಾಸದ ಮಹಾ ಚತುರ ಮೋಸಗಾರ್ತಿಯರ ಸಾಲಿಗೆ ಸೇರಿಸಿತು. ಉದ್ದೇಶ ಏನಿರಬಹುದೆಂದು ಹುಡುಕಿ, ಆಕೆ ರಷ್ಯಾದ ಗೂಢಚಾರಿಣಿ ಎಂದೂ ಗುಮಾನಿಪಟ್ಟಿತು. ಇಲ್ಲಿ ಹಾಜ್ಸನ್‌ಗೇ ಏನೋ ಮೆಟ್ಟಿಕೊಂಡಂತೆ ತೋರುತ್ತದೆ. ನೂರು ವರ್ಷದ ಬಳಿಕ, 1986ರಲ್ಲಿ, ಅದೇ ಸೊಸೈಟಿಯ ಪತ್ರಿಕೆಯಲ್ಲಿ ಕೈಬರಹ ತಜ್ಞ ವರ್ನನ್ ಹ್ಯಾರಿಸನ್ ಆ ವರದಿ ಏಕಪಕ್ಷೀಯ, ನಂಬಲರ್ಹವಲ್ಲ ಎಂದು ಬರೆದರು. ಮದಾಂ ಮಾತ್ರ 1885ರ ಮಾರ್ಚಿನಲ್ಲೇ ಮದರಾಸು ಬಿಟ್ಟವರು ಮತ್ತೆ ಬರಲಿಲ್ಲ.

ಕರ್ನಾಟಕದ ಶಾಖೆ ವಿಚಿತ್ರವಾದದ್ದು. ಅಡ್ಯಾರಿನ ಗದ್ದುಗೆಗೆ 1907ರಲ್ಲಿ ಬಂದವರು ಅನಿ ಬೆಸೆಂಟ್. ಹಾಸಿಗೆ ಹಿಡಿದಿದ್ದ ಆಲ್ಕಾಟರಿಗೆ ಮಹಾತ್ಮರು ಪ್ರತ್ಯಕ್ಷರಾಗಿ ಆಕೆಯ ಹೆಸರು ಸೂಚಿಸಿದರೆಂದು ಅಂದು ಪ್ರಕಟಿಸಲಾಯಿತು. ಆಕೆಯ ಪ್ರೇರಣೆಯಿಂದ 1917ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ಶುರುವಾಯಿತು. ಅದೇ ಸಂಸ್ಥೆಯಲ್ಲಿ ಓದಿ, ಪಾಠ ಹೇಳಿ, ಹಾಸ್ಟೆಲಿನ ಕೋಣೆಯಲ್ಲೇ ಬಾಳಿದವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿಯನ್ನೇ ರಚಿಸಿ, ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದರು. ಒಂದಕ್ಕೂ ಉತ್ತರವಿಲ್ಲ. ಕಪಾಟಿನಲ್ಲಿಟ್ಟರೆ ಹಿಮಾಲಯದಿಂದ ಉತ್ತರ ಬರುತ್ತದೆ, ಸರ್ಕಾರಿ ಅಂಚೆಗೆ ಹಾಕಿದರೆ ಪುಟ್ಟಪರ್ತಿಯಿಂದಲೂ ಬರುವುದಿಲ್ಲ. ಭಾರತೀಯ ಅಂಚೆ ಇಲಾಖೆ ಗಮನಿಸಬೇಕು.

ಇನ್ನು ಅಪವಾದಗಳು. ಅಮೆರಿಕದ ಡೇವನ್‌ಪೋರ್ಟ್ ಸೋದರರು ಊರೂರಿಗೆ ಮರದ ಕಪಾಟನ್ನೇ ಹೊತ್ತು ತಿರುಗಿದ್ದರಿಂದ ಅವರು ನಮ್ಮ ಪಕ್ಷ. ಫಾಕ್ಸ್ ಸೋದರಿಯರು ಸ್ವಲ್ಪ ತೊಂದರೆ: 1848ರಿಂದ ಅವರ ಸುತ್ತ ಕೇಳಿಸಿದ ಪ್ರೇತಗಳ ಟಕಟಕ ಸದ್ದು ಕಾಲ್ಬೆರಳ ಗೆಣ್ಣಿನದು ಎಂದು 1888ರಲ್ಲಿ ಮಾರ್ಗರೆಟ್ ವೇದಿಕೆಯ ಮೇಲೇ ಒಪ್ಪಿಕೊಂಡಳು, ಮರುವರ್ಷ ಮಾತು ವಾಪಸು ಪಡೆದಳು. ಮರದ ಬದಲು ಮೂಳೆ, ಆದರೂ ಕೀಲಿನ ಕೆಲಸವೇ; ಒಪ್ಪಬಹುದು. ನಿಜವಾದ ಪೆಟ್ಟು ಹಾಜ್ಸನ್‌ನಿಂದಲೇ ಬಂತು. ಅಡ್ಯಾರಿನಿಂದ ಹೋದವನು ಬಾಸ್ಟನ್ನಿನ ಲಿಯೊನೊರಾ ಪೈಪರ್ ಎಂಬಾಕೆಯ ಬೆನ್ನುಬಿದ್ದ. ಆಕೆಯ ಬಳಿ ಕಪಾಟಿಲ್ಲ, ತಟ್ಟೆಯಿಲ್ಲ. ಕಣ್ಣು ಮುಚ್ಚಿ ಸತ್ತವರ ಮಾತಾಡುತ್ತಿದ್ದಳು. ಹಾಜ್ಸನ್ ಪತ್ತೇದಾರರನ್ನು ಹಿಂದೆ ಬಿಟ್ಟ, ಏನೂ ಸಿಗಲಿಲ್ಲ. ವರ್ಷಗಟ್ಟಲೆ ಕೂತು ನೋಡಿದವನು ಕೊನೆಗೆ ಸತ್ತವರು ಮಾತಾಡುವುದು ನಿಜವೆಂದು ನಂಬಿಬಿಟ್ಟ. 1905ರಲ್ಲಿ ತೀರಿಕೊಂಡ ಮೇಲೆ ತಾನೇ ಪೈಪರಳ ಬಾಯಲ್ಲಿ ಮಾತಾಡತೊಡಗಿದನೆಂಬ ಸುದ್ದಿಯಾಯಿತು. ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಅದನ್ನೆಲ್ಲ ಪರಿಶೀಲಿಸಿ 1909ರಲ್ಲಿ ಉದ್ದನೆಯ ವರದಿ ಬರೆದರು; ಮಾತಾಡುತ್ತಿರುವುದು ಹಾಜ್ಸನ್ನೇ ಎಂದು ಖಂಡಿತವಾಗಿ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಪೈಪರಳ ಮನೆಯ ಗೋಡೆಗಳನ್ನು ಬಡಗಿಯೊಬ್ಬ ತಟ್ಟಿ ನೋಡಿದ ದಾಖಲೆ ಮಾತ್ರ ಸಂಶೋಧಕನ ಕಣ್ಣಿಗೆ ಬಿದ್ದಿಲ್ಲ. ಆದ್ದರಿಂದ ಬಾಸ್ಟನ್ನಿಗೆ ಹೋಗಿಬರುವ ಪ್ರಯಾಣಭತ್ಯೆ, ದಿನಭತ್ಯೆಯ ಅರ್ಜಿಯನ್ನು ಪ್ರಬಂಧಕ್ಕೆ ಲಗತ್ತಿಸಲಾಗಿದೆ. ಜೊತೆಗೆ ಬರುವ ಒಬ್ಬ ಬಡಗಿಯ ಖರ್ಚೂ ಅದರಲ್ಲಿ ಸೇರಿದೆ.